ಎರಡಕ್ಷರದ ‘ಯೆಕ್’, ನಾಲ್ಕು ರೂಪ: ಡೇಟಾಬೇಸಿನಲ್ಲಿ ಪರ್ಷಿಯನ್ ಪಠ್ಯವನ್ನು ಸರಿಯಾಗಿ ಇಡುವುದು, ಹುಡುಕುವುದು ಹೇಗೆ?

ಪರ್ಷಿಯನ್ ಭಾಷೆಯಲ್ಲಿ ‘ಒಂದು’ ಎನ್ನಲು ‘ಯೆಕ್’ ಎನ್ನುತ್ತಾರೆ. ಬರೆಯಲು ಎರಡೇ ಅಕ್ಷರ ಸಾಕು: ಯೇ, ಕಾಫ್. ಆದರೆ ಕಂಪ್ಯೂಟರಿನೊಳಗೆ ಈ ಪುಟ್ಟ ಪದಕ್ಕೆ ನಾಲ್ಕು ರೂಪಗಳಿರಬಹುದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅರೇಬಿಕ್ ಯೇಯ ಸಂಖ್ಯೆ 1610, ಪರ್ಷಿಯನ್ ಯೇಯದು 1740. ಅರೇಬಿಕ್ ಕಾಫ್ 1603, ಪರ್ಷಿಯನ್ ಕಾಫ್ 1705. (ಎಲ್ಲವೂ ದಶಮಾನ ಸಂಖ್ಯೆಗಳು.) ಪದದ ಮೊದಲಿಗೋ ನಡುವೆಯೋ ಬಂದರೆ ಎರಡೂ ಯೇಗಳ ಆಕಾರ ಒಂದೇ. ಪದದ ಕೊನೆಯಲ್ಲಿ ಅರೇಬಿಕ್ ಯೇಗೆ ಕೆಳಗೆ ಎರಡು ಚುಕ್ಕಿ ಬರುತ್ತವೆ, ಪರ್ಷಿಯನ್ ಯೇಗೆ ಇಲ್ಲ. ಕೆಲವು ಪರ್ಷಿಯನ್ ಫಾಂಟ್‌ಗಳು ಆ ಚುಕ್ಕಿಯನ್ನೂ ತೆಗೆದುಹಾಕುವುದರಿಂದ ಕಣ್ಣಿಗೆ ಯಾವ ಸುಳಿವೂ ಸಿಗುವುದಿಲ್ಲ. ಯೇಯಲ್ಲಿ ಕೊನೆಯಾಗುವ ‘ಅಲಿ’ ಎಂಬ ಹೆಸರು ಟೇಬಲ್‌ನಲ್ಲಿ ಇದ್ದರೂ ಹುಡುಕಿದಾಗ ‘ಸಿಗಲಿಲ್ಲ’ ಎಂದು ಬರುವುದು ಹೀಗೆ.

ಈ ಗೊಂದಲಕ್ಕೆ ಕಾರಣ ಹಳೆಯದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಇರಾನಿನಲ್ಲಿ ಬಹಳಷ್ಟು ಪಠ್ಯವನ್ನು ವಿಂಡೋಸ್-1256 ಎಂಬ ಸಂಕೇತಪಟ್ಟಿಯಲ್ಲಿ ಉಳಿಸುತ್ತಿದ್ದರು. ಅದನ್ನು ಮಾಡಿದ್ದು ಅರೇಬಿಕ್‌ಗಾಗಿ. ಪರ್ಷಿಯನ್‌ಗೆ ವಿಶೇಷವಾದ ಪೇ, ಚೇ, ಝೇ, ಗಾಫ್ ಅಕ್ಷರಗಳಿಗೆ ಅದರಲ್ಲಿ ಜಾಗ ಸಿಕ್ಕಿತು, ಪರ್ಷಿಯನ್ ಯೇಗೆ ಸಿಗಲಿಲ್ಲ. ಹೀಗಾಗಿ ಜನ ಅರೇಬಿಕ್ ಯೇಯನ್ನೇ ಒತ್ತಿದರು, ಆ ದತ್ತಾಂಶ ಇಂದಿಗೂ ಟೇಬಲ್‌ಗಳಲ್ಲಿ ಕುಳಿತಿದೆ.

ಮೊದಲು ಎಣಿಸಿ

ಕೈಯಲ್ಲಿರುವ ದತ್ತಾಂಶದಲ್ಲಿ 1610, 1740, 1603, 1705 ಈ ನಾಲ್ಕೂ ಎಷ್ಟೆಷ್ಟು ಬಾರಿ ಬಂದಿವೆ ಎಂದು ಎಣಿಸಿ. ಎರಡೂ ಬಗೆಯ ಯೇ ಕಂಡರೆ ಕಾಯಿಲೆ ಇದೆ ಎಂದರ್ಥ. ಎಣಿಸದೆ ಔಷಧ ಕೊಡಲು ಹೋಗಬೇಡಿ.

ಹುಡುಕಲು ಬೇರೆ ಕಾಲಂ ಇಡಿ

ಬರೆದವರು ಬರೆದ ಪಠ್ಯವನ್ನು ಹಾಗೇ ಬಿಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ ಅಕ್ಷರಗಳನ್ನು ಏಕರೂಪಕ್ಕೆ ತನ್ನಿ: 1610 ಮತ್ತು 1609 (ಅರೇಬಿಕ್‌ನ ಚುಕ್ಕಿಯಿಲ್ಲದ ಯೇ ಆಕಾರದ ಅಕ್ಷರ) ಎರಡನ್ನೂ 1740 ಮಾಡಿ, 1603ನ್ನು 1705 ಮಾಡಿ. ಅಕ್ಷರವನ್ನು ಎಳೆದು ಉದ್ದ ಮಾಡುವ 1600, ಸ್ವರಚಿಹ್ನೆಗಳಾದ 1611ರಿಂದ 1618 ಇವನ್ನು ತೆಗೆದುಹಾಕಿ. ಯೂನಿಕೋಡ್‌ನ ಸಿದ್ಧ ಏಕರೂಪೀಕರಣ ಸಾಕು ಎಂದು ಹಲವರು ನಂಬುತ್ತಾರೆ. ಸಾಕಾಗುವುದಿಲ್ಲ, ಅದಕ್ಕೆ ಈ ಎರಡು ಯೇಗಳು ಬೇರೆಬೇರೆ ಅಕ್ಷರಗಳೇ.

ಮೂಲವನ್ನು ಮುಟ್ಟಬೇಡಿ ಎನ್ನುವುದಕ್ಕೆ ನಮ್ಮ ವಿಜಯಪುರವೇ ಸಾಕ್ಷಿ. ಅಲ್ಲಿನ ಆದಿಲ್‌ಶಾಹಿ ಕಟ್ಟಡಗಳ ಬರಹಗಳಲ್ಲಿ ಅರೇಬಿಕ್ಕೂ ಇದೆ, ಪರ್ಷಿಯನ್ನೂ ಇದೆ. ಅಂಥ ಬರಹಗಳನ್ನು ಕಂಪ್ಯೂಟರಿಗೆ ಏರಿಸುವವರು ಎಲ್ಲ ಯೇಗಳನ್ನೂ ಪರ್ಷಿಯನ್ ಮಾಡಿಬಿಟ್ಟರೆ ಕುರ್‌ಆನ್‌ನ ಸಾಲುಗಳು ಕೆಡುತ್ತವೆ.

ಹುಡುಕುವವರು ಟೈಪಿಸಿದ ಪದವೂ ಇದೇ ಜರಡಿಯಿಂದ ಹಾದುಬರಬೇಕು. ಯಾವ ಕಡೆಗೆ ಬದಲಿಸುತ್ತೀರಿ ಎಂಬುದು ದೊಡ್ಡ ಮಾತಲ್ಲ. ಲೂಸೀನ್ ಎಂಬ ಪ್ರಸಿದ್ಧ ಹುಡುಕು ತಂತ್ರಾಂಶ ಪರ್ಷಿಯನ್ ಯೇಯನ್ನೇ ಅರೇಬಿಕ್ ಯೇ ಮಾಡುತ್ತದೆ, ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಎರಡೂ ಬದಿಗೆ ಒಂದೇ ನಿಯಮ ಇದ್ದರಾಯಿತು.

ಅರ್ಧ ಜಾಗವನ್ನು ಕಸ ಎನ್ನಬೇಡಿ

ಪರ್ಷಿಯನ್‌ನಲ್ಲಿ ‘ನೀಮ್‌ಫಾಸೆಲೆ’ ಎಂಬುದೊಂದಿದೆ, ಅಂದರೆ ಅರ್ಧ ಜಾಗ. ಇದು 8204ನೇ ಸಂಕೇತ. ಕಾಣುವುದಿಲ್ಲ, ಎರಡು ಅಕ್ಷರಗಳು ಅಂಟಿಕೊಳ್ಳದಂತೆ ತಡೆಯುತ್ತದೆ. ಕನ್ನಡಿಗರಿಗೆ ಇದು ಹೊಸತಲ್ಲ: ‘ರಾಜ್‌ಕುಮಾರ್’ ಎಂಬ ಹೆಸರು ‘ರಾಜ್ಕುಮಾರ್’ ಆಗದಂತೆ ಕಾಯುವುದೂ ಇದೇ 8204. ಇರಾನಿನ ಪ್ರಮಾಣಿತ ಕೀಲಿಮಣೆಯಲ್ಲಿ ಶಿಫ್ಟ್ ಜೊತೆ ಸ್ಪೇಸ್ ಒತ್ತಿದರೆ ಬರುತ್ತದೆ. ‘ಕಾಣದ ಅಕ್ಷರಗಳನ್ನೆಲ್ಲ ಅಳಿಸು’ ಎಂಬ ಸಾಲನ್ನು ಯಾರಾದರೂ ಕೋಡ್‌ನಲ್ಲಿ ಬರೆದಿದ್ದರೆ ಪರ್ಷಿಯನ್ನಿಗೂ ಕನ್ನಡಕ್ಕೂ ಒಟ್ಟಿಗೇ ಪೆಟ್ಟು. ನನ್ನ ಮಟ್ಟಿಗೆ ಇದು ಓದುಗರಿಗೆ ಮಾಡುವ ಅನ್ಯಾಯ.

ತೊಡಕು ಹುಡುಕುವಾಗ. ‘ನನಗೆ ಬೇಕು’ ಎಂಬರ್ಥದ ‘ಮೀಖಾಹಮ್’ ಪದವನ್ನು ಕೆಲವರು ‘ಮೀ’ ಆದಮೇಲೆ ಅರ್ಧ ಜಾಗ ಬಿಟ್ಟು, ಕೆಲವರು ಪೂರ್ತಿ ಸ್ಪೇಸ್ ಕೊಟ್ಟು, ಇನ್ನು ಕೆಲವರು ಕೂಡಿಸಿಯೇ ಬರೆಯುತ್ತಾರೆ. ಹುಡುಕುವ ಕಾಲಂನಲ್ಲಿ ಮಾತ್ರ ಒಂಟಿ ‘ಮೀ’ಯನ್ನು ಮುಂದಿನ ಪದಕ್ಕೆ, ಬಹುವಚನದ ಒಂಟಿ ‘ಹಾ’ವನ್ನು ಹಿಂದಿನ ಪದಕ್ಕೆ ಸೇರಿಸಿ, ಆಮೇಲೆ ಅರ್ಧ ಜಾಗ ತೆಗೆಯಿರಿ. ಮೂರೂ ಒಂದಾಗುತ್ತವೆ. ಆದರೆ ಎಚ್ಚರ: ಮದ್ಯಕ್ಕೆ ‘ಮೇಯ್’ ಎನ್ನುತ್ತಾರೆ, ಅದರ ಬರಹವೂ ‘ಮೀ’ಯ ಬರಹವೂ ಒಂದೇ. ಪರ್ಷಿಯನ್ ಕವಿ ಹಾಫಿಜ್‌ನ ಗಜಲ್‌ಗಳ ತುಂಬ ಆ ಪದವಿದೆ. ಕಾವ್ಯದ ಸಂಗ್ರಹವಾದರೆ ಬಿಡಿ ರೂಪ, ಕೂಡಿದ ರೂಪ ಎರಡನ್ನೂ ಸೂಚಿಗೆ ಹಾಕಬೇಕು.

ಅಂಕಿಗಳು

ಪರ್ಷಿಯನ್ ಅಂಕಿಗಳು 1776ರಿಂದ 1785, ಅರೇಬಿಕ್ ಅಂಕಿಗಳು 1632ರಿಂದ 1641. ನಾಲ್ಕು, ಐದು, ಆರರ ಆಕಾರವೂ ಬೇರೆ. ಫೋನ್ ನಂಬರ್, ಬೆಲೆ ಮುಂತಾದುವನ್ನು ನಾವು ಬಳಸುವ 0-9ಕ್ಕೆ ಬದಲಿಸಿ ಇಡಿ, ತೋರಿಸುವಾಗ ಪರ್ಷಿಯನ್‌ನಲ್ಲಿ ತೋರಿಸಿ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪೈಥಾನ್ ಪರ್ಷಿಯನ್ ಅಂಕಿಯನ್ನು ಪೂರ್ಣಾಂಕವಾಗಿ ಓದಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಓದುವುದಿಲ್ಲ. ಒಂದೇ ಅರ್ಜಿ ಸರ್ವರ್‌ನಲ್ಲಿ ಪಾಸಾಗಿ ಬ್ರೌಸರ್‌ನಲ್ಲಿ ಫೇಲಾಗಬಹುದು.

ಅಕಾರಾದಿ

ಸಂಕೇತ ಸಂಖ್ಯೆ ನೋಡಿ ಜೋಡಿಸಿದರೆ ಪಟ್ಟಿ ಕೆಡುತ್ತದೆ. ‘ಪೆದರ್’ (ಅಪ್ಪ) ಪದದ ಮೊದಲ ಅಕ್ಷರ ಪೇ ವರ್ಣಮಾಲೆಯಲ್ಲಿ ಮೂರನೆಯದು, ಅದರ ಸಂಖ್ಯೆ ಮಾತ್ರ 1662. ಹಾಗಾಗಿ ಅದು 1608ರ ವಾವ್‌ಗಿಂತಲೂ ಹಿಂದೆ ಬಿದ್ದುಬಿಡುತ್ತದೆ. ಅರೇಬಿಕ್ ಕ್ರಮವೂ ಆಗದು: ಅಲ್ಲಿ ಹೇ ಮೊದಲು, ವಾವ್ ಆಮೇಲೆ, ಪರ್ಷಿಯನ್‌ನಲ್ಲಿ ವಾವ್ ಆದಮೇಲೆ ಹೇ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಈ ಮೂರು ಡೇಟಾಬೇಸ್ ತಂತ್ರಾಂಶಗಳಲ್ಲೂ ಪರ್ಷಿಯನ್ ಜೋಡಣಾ ಕ್ರಮ ಸಿಗುತ್ತದೆ, ಅದನ್ನೇ ಆರಿಸಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಎನ್‌ವಾರ್‌ಚಾರ್ (ಯೂನಿಕೋಡ್ ಪಠ್ಯ ಇಡುವ ಬಗೆ) ಆಗಿದ್ದು, ಪಠ್ಯದ ಉದ್ಧರಣ ಚಿಹ್ನೆಯ ಮುಂದೆ ‘ಎನ್’ (N) ಹಾಕುವುದನ್ನು ಮರೆತರೆ ಅಕ್ಷರಗಳ ಬದಲು ಪ್ರಶ್ನೆಚಿಹ್ನೆಗಳು ಉಳಿಯಬಹುದು.

ಬಲದಿಂದ ಎಡಕ್ಕೆ ತೋರಿಸುವ ಕೆಲಸ ಬ್ರೌಸರ್‌ನದು. ಪಠ್ಯವನ್ನು ಓದುವ ಕ್ರಮದಲ್ಲೇ ಉಳಿಸಿ, ತಿರುಗಿಸಿ ಇಡಬೇಡಿ.

ಹೆಸರುಗಳಿಗೆ ಒಂದೇ ಸಲ ಬರಬೇಕೆಂಬ ನಿರ್ಬಂಧ ಇದ್ದರೆ ಅದನ್ನು ಹೊಸ ಕಾಲಂಗೆ ಹಾಕಿ. ಹಾಕುವ ಮುಂಚೆ ಎರಡೆರಡು ಸಲ ಬಂದವನ್ನು ಹುಡುಕಿ, ಯಾವುದನ್ನು ಉಳಿಸಬೇಕೆಂದು ಮನುಷ್ಯರೇ ನೋಡಿ ತೀರ್ಮಾನಿಸಲಿ; ಒಂದೇ ಹೆಸರಿನ ಇಬ್ಬರು ನಿಜವಾಗಿಯೂ ಇರಬಹುದು. ಆಮೇಲೆ ‘ಯೆಕ್’ನ ನಾಲ್ಕು ರೂಪ, ‘ಅಲಿ’ಯ ಎರಡು, ‘ಮೀಖಾಹಮ್’ನ ಮೂರು ಇವನ್ನು ಒಂದೊಂದಾಗಿ ಹುಡುಕು ಪೆಟ್ಟಿಗೆಯಲ್ಲಿ ಟೈಪಿಸಿ. ಒಂದು ಪದದ ಎಲ್ಲ ರೂಪಗಳಿಗೂ ಅದೇ ಫಲಿತಾಂಶ ಬರುವವರೆಗೆ ಹೊಸ ಕಾಲಂ ಅನ್ನು ಬಳಕೆದಾರರ ಮುಂದೆ ಬಿಡಬೇಡಿ.