ಹೋಟೆಲ್‌ಗೆ ಜಾಗ ನೋಡ್ತಿದ್ದೀರಾ? ಅಡ್ವಾನ್ಸ್‌ಗೂ ಮುಂಚೆ ಒಂದು ಗುಂಡಿ ತೋಡಿ

ಮಂಡ್ಯದ ಆಸುಪಾಸು ರಸ್ತೆ ಪಕ್ಕ ಹತ್ತು ಗುಂಟೆ ಸಿಕ್ಕಿದರೆ ಸಾಕು, ಡಾಬಾ ಮಾಡೋಣವಾ, ಲಾಡ್ಜ್ ಕಟ್ಟೋಣವಾ ಎಂಬ ಲೆಕ್ಕ ಶುರುವಾಗುತ್ತದೆ. ಪಹಣಿ ನೋಡುತ್ತಾರೆ, ಭೂ ಪರಿವರ್ತನೆ ಆಗಿದೆಯಾ ಎಂದು ವಿಚಾರಿಸುತ್ತಾರೆ, ಬೋರ್‌ವೆಲ್ ಪಾಯಿಂಟ್‌ಗೆ ತೆಂಗಿನಕಾಯಿ ಹಿಡಿದು ಜಮೀನು ಸುತ್ತುತ್ತಾರೆ. ಬಳಸಿದ ನೀರು ಎಲ್ಲಿಗೆ ಹೋಗಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಹಳ್ಳಿ ಕಡೆ ಒಳಚರಂಡಿ ಎಲ್ಲಿರುತ್ತೆ? ಸೆಪ್ಟಿಕ್ ಟ್ಯಾಂಕ್ ಎಷ್ಟು ದೊಡ್ಡದು ಕಟ್ಟಿದರೂ ಅದರಿಂದ ಆಚೆ ಬರುವ ನೀರನ್ನು ಮಣ್ಣೇ ಕುಡಿಯಬೇಕು.

ಮೊದಲು ಅಕ್ಕಪಕ್ಕದ ರೈತರನ್ನು ಮಾತಾಡಿಸಿ. ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಬೇಸಿಗೆಯಲ್ಲಿ ಜಾಗ ನೋಡಿದರೆ ಮೋಸ ಹೋಗುವುದು ಸುಲಭ. ನೆಲ ಬಿರಿದಿರುತ್ತದೆ, ನೀರು ಹುಯ್ದರೆ ಗಟಗಟ ಇಳಿಯುತ್ತದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟು ಗದ್ದೆಗಳು ತುಂಬಿದ ಮೇಲೆ ಕಥೆಯೇ ಬೇರೆ. 'ನಾಲೆ ಬಿಟ್ಟಾಗ ನಿಮ್ಮ ಬಾವಿ ನೀರು ಎಷ್ಟು ಮೇಲೆ ಬರುತ್ತೆ ಅಣ್ಣಾ?' ಎಂದು ಕೇಳಿ. ನೆಲದಿಂದ 1.8 ಮೀಟರ್ ಒಳಗೇ ನೀರು ಸಿಗುವ ಹಾಗಿದ್ದರೆ ಟ್ಯಾಂಕಿನ ನೀರನ್ನು ಮಣ್ಣಿಗಿಳಿಸುವ ಮಾಮೂಲಿ ಇಂಗುಗುಂಡಿ ಆಸೆ ಬಿಡಿ. ಮಣ್ಣು ಏರಿಸಿ ಅದರ ಮೇಲೆ, ಆ ನೀರನ್ನು ಉದ್ದಕ್ಕೂ ಹರಡಿ ಇಂಗಿಸುವ ಇಂಗು ಕಾಲುವೆ ಮಾಡಬೇಕಾಗುತ್ತದೆ, ಖರ್ಚು ಜಾಸ್ತಿ.

ಇನ್ನು ಮಣ್ಣಿನ ಪರೀಕ್ಷೆ. ಇಂಗು ಕಾಲುವೆ ಎಷ್ಟು ಆಳಕ್ಕೆ ಬರುತ್ತದೋ ಅಷ್ಟೇ ಆಳಕ್ಕೆ, ಒಂದಡಿ ಅಗಲದೊಳಗೆ ಗುಂಡಿ ತೋಡಿ. ಹಾರೆ ತಾಗಿ ನುಣುಪಾದ ಗೋಡೆಯನ್ನು ಚಾಕುವಿನಿಂದ ಕೆರೆಯಿರಿ, ಇಲ್ಲದಿದ್ದರೆ ಮಣ್ಣಿನ ಕಣ್ಣು ಮುಚ್ಚಿರುತ್ತದೆ. ತಳಕ್ಕೆ 5 ಸೆಂಟಿಮೀಟರ್ ಸಣ್ಣ ಜಲ್ಲಿ ಹಾಕಿ, ಒಂದಡಿ ನೀರು ತುಂಬಿ ರಾತ್ರಿಯಿಡೀ ಬಿಡಿ. ಒಣ ಮಣ್ಣು ಮೊದಲು ಯಾರು ಕೊಟ್ಟರೂ ಕುಡಿಯುತ್ತದೆ, ಹೊಟ್ಟೆ ತುಂಬಿದ ಮೇಲಿನ ಲೆಕ್ಕವೇ ನಿಜವಾದ ಲೆಕ್ಕ. ಬೆಳಿಗ್ಗೆ ಜಲ್ಲಿ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲುವಂತೆ ಮಾಡಿ, ಸ್ಕೇಲ್ ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಿ. ರಾತ್ರಿಯ ನೀರೆಲ್ಲ ಖಾಲಿಯಾಗಿದ್ದರೆ ನಾಲ್ಕು ಗಂಟೆ ಹೀಗೇ ಮತ್ತೆ ಮತ್ತೆ ತುಂಬಿ, ಕೊನೆಯ ಅರ್ಧ ಗಂಟೆಯ ಅಳತೆ ಹಿಡಿಯಿರಿ. ಒಂದೇ ಗುಂಡಿ ನಂಬಬೇಡಿ. ಒಂದು ಮೂಲೆಯಲ್ಲಿ ಕೆಮ್ಮಣ್ಣು, ಇನ್ನೊಂದು ಮೂಲೆಯಲ್ಲಿ ಜೇಡಿ ಇರುವುದು ನಮ್ಮ ಕಡೆ ಹೊಸದೇನಲ್ಲ.

ಆ ಅರ್ಧ ಗಂಟೆಯ ಅಳತೆಯಿಂದ ಲೆಕ್ಕ ಹಾಕಿ, 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕೋ ಅದೇ ನಿಮ್ಮ ಅಂಕಿ. ಸೆಪ್ಟಿಕ್ ಟ್ಯಾಂಕ್‌ಗಳಿಗಿರುವ ಭಾರತೀಯ ಮಾನಕ ಐಎಸ್ 2470ರ ಪ್ರಕಾರ 30 ನಿಮಿಷದೊಳಗಿದ್ದರೆ ಇಂಗುಗುಂಡಿಯೂ ಆದೀತು. 30ರಿಂದ 60 ಇದ್ದರೆ ಉದ್ದನೆಯ ಇಂಗು ಕಾಲುವೆ. 60 ದಾಟಿದರೆ ಮಣ್ಣನ್ನು ನಂಬುವ ಹಾಗಿಲ್ಲ, ಫಿಲ್ಟರ್ ಥರದ ಬೇರೆ ವ್ಯವಸ್ಥೆಗೆ ಎಂಜಿನಿಯರ್ ಹಿಡಿಯಿರಿ.

ಒಂದು ಲೆಕ್ಕ ಹಾಕೋಣ. 40 ಸೀಟಿನ ಹೋಟೆಲ್, ಸೀಟಿಗೆ ದಿನಕ್ಕೆ 70 ಲೀಟರ್, ಒಟ್ಟು 2,800. ಅದರಲ್ಲಿ ಶೇ 80 ಕೊಳಚೆ ಅಂದರೂ 2,240 ಲೀಟರ್. ನಿಮ್ಮ ಅಂಕಿ 25 ನಿಮಿಷ ಬಂದಿದ್ದರೆ ಒಂದು ಚದರ ಮೀಟರ್ ದಿನಕ್ಕೆ ಸುಮಾರು 40 ಲೀಟರ್ ಕುಡಿಯುತ್ತದೆ. ಅಂದರೆ 56 ಚದರ ಮೀಟರ್ ತಳ ಬೇಕು. ಮೀಟರ್ ಅಗಲ, 28 ಮೀಟರ್ ಉದ್ದದ ಎರಡು ಕಾಲುವೆ, ನಡುವೆ ಎರಡು ಮೀಟರ್ ಬಿಟ್ಟರೆ ಒಂದು ಗುಂಟೆಗಿಂತ ತುಸು ಜಾಸ್ತಿ ಜಾಗ ಹೋಯಿತು. ಅದರ ಮೇಲೆ ಬಸ್ ನಿಲ್ಲಿಸುವಂತಿಲ್ಲ, ಕಾಂಕ್ರೀಟ್ ಹಾಕುವಂತಿಲ್ಲ. ಊಟ ಮಾಡದೆ ಬರೀ ಶೌಚಾಲಯಕ್ಕೆ ಇಳಿಯುವವರನ್ನೂ ಸೇರಿಸಿಕೊಳ್ಳಿ. ಹೈವೇಯಲ್ಲಿ ಅವರೇ ಜಾಸ್ತಿ.

ಇಂಗು ಕಾಲುವೆ ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ 18 ಮೀಟರ್, ಕಟ್ಟಡದಿಂದ 6 ಮೀಟರ್ ದೂರ ಇರಲಿ. ಬೇಲಿಯಾಚೆ ಪಕ್ಕದವರ ಬೋರ್‌ವೆಲ್ ಎಲ್ಲಿದೆ ಎಂದೂ ನೋಡಿ. ಅಡುಗೆಮನೆ ನೀರು ಮೊದಲು ಜಿಡ್ಡು ಹಿಡಿಯುವ ಸಣ್ಣ ತೊಟ್ಟಿಗೆ ಹೋಗಲಿ. ಬೋಂಡಾ ಕರಿದ ಎಣ್ಣೆ ಮಣ್ಣಿಗಿಳಿದರೆ ಪರೀಕ್ಷೆಯಲ್ಲಿ ಬಂದ ಅಂಕಿಗೆ ಅರ್ಥವೇ ಇರುವುದಿಲ್ಲ.

ಟ್ಯಾಂಕ್ ಪಕ್ಕಕ್ಕೆ ಸಕ್ಕಿಂಗ್ ಗಾಡಿ ಬರಲು ದಾರಿ ಬಿಡುವುದನ್ನು ಮರೆಯಬೇಡಿ. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು. ಗಾಡಿ ಬರಲ್ಲ ಅಂತ ಸುರಕ್ಷತಾ ಸಾಧನವಿಲ್ಲದೆ ಆಳನ್ನು ಒಳಗೆ ಇಳಿಸಿದರೆ, ಕೈಯಿಂದ ಮಲ ಬಾಚುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ, ಒಳಗಿನ ವಿಷಗಾಳಿಗೆ ಇಳಿದವನ ಜೀವವೂ ಹೋಗಬಹುದು.