150 ವಿದ್ಯಾರ್ಥಿಗಳಿಗೆ ಓಸ್ಕಿ: ನಾವು ದಡ ಮುಟ್ಟಿದ ಬಗೆ

ಮೆಡಿಸಿನ್ ಇಂಟರ್ನಲ್ಸ್‌ಗೆ ಓಸ್ಕಿ (ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಕೊಟ್ಟು, ಎಲ್ಲರಿಗೂ ಒಂದೇ ಚೆಕ್‌ಲಿಸ್ಟ್ ಹಿಡಿದು ಅಂಕ ಹಾಕುವ ಪ್ರಾಯೋಗಿಕ ಪರೀಕ್ಷೆ) ಇಟ್ಟು ಮೂರ್ನಾಲ್ಕು ವರ್ಷವಾಯಿತು. "ಇದು ನಮ್ಮಲ್ಲಿ ಆಗೋ ಕೆಲಸ ಅಲ್ಲ ಬಿಡ್ರೀ, ಬರೀ ನಾಟಕ" ಎಂದಿದ್ದ ಹಿರಿಯರೇ ಈಗ ಚೆಕ್‌ಲಿಸ್ಟ್ ಕೇಳಲು ಬರುತ್ತಿದ್ದಾರೆ. ಹಾರ್ಡನ್ 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಿಂದ ಓಸ್ಕಿ ಬಗ್ಗೆ ಮೊದಲು ಬರೆದದ್ದು, 2019ರಲ್ಲಿ ನಮ್ಮ ಎಂಬಿಬಿಎಸ್‌ಗೆ ಸಿಬಿಎಂಇ (ಸಾಮರ್ಥ್ಯ ಆಧಾರಿತ ಪಠ್ಯಕ್ರಮ) ಬಂದದ್ದು ನಿಮಗೆ ಗೊತ್ತೇ ಇದೆ. ನೇರ ಲೆಕ್ಕಕ್ಕೆ ಬರುತ್ತೇನೆ.

ಹನ್ನೆರಡು ಸ್ಟೇಷನ್, ಅದರಲ್ಲಿ ಎರಡು ವಿಶ್ರಾಂತಿಗೆ. ತಲಾ ಐದು ನಿಮಿಷ, ಜಾಗ ಬದಲಿಸಲು ಒಂದು ನಿಮಿಷ. ಹನ್ನೆರಡು ಜನರ ಒಂದು ಸುತ್ತಿಗೆ 72 ನಿಮಿಷ. ಒಂದೇ ಸರ್ಕ್ಯೂಟ್ (ಹನ್ನೆರಡು ಸ್ಟೇಷನ್ನಿನ ಒಂದು ಸಾಲು) ಇಟ್ಟರೆ 13 ಸುತ್ತು, ಮೂರು ದಿನ. ಮೊದಲ ವರ್ಷ ಹಾಗೇ ಇಟ್ಟೆವು. ಎರಡನೇ ದಿನ ಮಧ್ಯಾಹ್ನಕ್ಕೆ ಎಕ್ಸಾಮಿನರ್‌ಗಳು ಓಪಿಡಿ ನೆಪ ಹೇಳಿ ಒಬ್ಬೊಬ್ಬರಾಗಿ ಮಾಯವಾದರು. ಈಗ ಎರಡು ಸರ್ಕ್ಯೂಟ್ ಜೊತೆಜೊತೆಗೆ ಓಡುತ್ತವೆ, ಏಳು ಸುತ್ತಿಗೆ ಎರಡು ದಿನ ಸಾಕು. ಇಸಿಜಿ, ಎಕ್ಸ್‌ರೇ, ಎಬಿಜಿ (ರಕ್ತದ ಅನಿಲ ಪರೀಕ್ಷೆ), ಡ್ರಗ್ ಚಾರ್ಟ್ ಸ್ಟೇಷನ್‌ಗಳಲ್ಲಿ ಉತ್ತರ ಬರೆದಿಟ್ಟು ಹೋಗುವುದರಿಂದ ಅಲ್ಲಿಗೆ ಎಕ್ಸಾಮಿನರೇ ಬೇಡ.

ಹೆಚ್ಚು ಪೆಟ್ಟು ತಿಂದದ್ದು ರೋಗಿಗಳ ವಿಷಯದಲ್ಲಿ. ದಿನವಿಡೀ ಹೊಟ್ಟೆ ಒತ್ತಿಸಿಕೊಳ್ಳಲು ಯಾರು ಒಪ್ಪುತ್ತಾರೆ? ಸ್ಪ್ಲೀನ್ (ಗುಲ್ಮ) ದೊಡ್ಡದಾಗಿದ್ದವರು ಊಟದ ಹೊತ್ತಿಗೆ ಡಿಸ್ಚಾರ್ಜ್ ಕೇಳಿ ಹೊರಟೇಬಿಟ್ಟರು. ಈಗ ಆರೋಗ್ಯವಂತರನ್ನೇ ಮಲಗಿಸುತ್ತೇವೆ. ಸ್ಪ್ಲೀನ್ ಸಿಕ್ಕಿತೋ ಇಲ್ಲವೋ ಎಂಬುದು ಒಬ್ಬ ರೋಗಿಯನ್ನು ಪೂರ್ತಿ ನೋಡುವ ಲಾಂಗ್ ಕೇಸಿನ ಪಾಲು. ಇಲ್ಲಿ ನೋಡುವುದು ಕೈ ಬಲ ಇಲಿಯಾಕ್ ಫೋಸಾದಿಂದ (ಹೊಟ್ಟೆಯ ಬಲ ಕೆಳಮೂಲೆ) ಮೇಲೇರಿತೇ, ಕಣ್ಣು ರೋಗಿಯ ಮುಖದ ಮೇಲಿತ್ತೇ, ಅಷ್ಟೇ.

ತರಬೇತಾದ ನಕಲಿ ರೋಗಿಗಳನ್ನು ಹೊರಗಿನಿಂದ ಕರೆಸೋಣವೆಂದರೆ ದಿನಕ್ಕೆ ತಲೆಗೆ ಎರಡು ಸಾವಿರದ ಮೇಲೆ ಕೇಳಿದರು. ಊರಿನ ಹವ್ಯಾಸಿ ನಾಟಕ ತಂಡದವರನ್ನು ಕರೆದೆವು. ಎದೆನೋವಿನ ಪಾತ್ರಧಾರಿ ನೆಲಕ್ಕೇ ಉರುಳಿಬಿಟ್ಟರು, ಪಾಪ, ಎದುರಿದ್ದ ಹುಡುಗಿ ಹಿಸ್ಟರಿ (ರೋಗದ ವಿವರ) ಕೇಳುವುದು ಬಿಟ್ಟು ಸಿಪಿಆರ್‌ಗೆ ಕೂತಳು. ಕೊನೆಗೆ ಕೈಹಿಡಿದವರು ನಿವೃತ್ತ ಮೇಷ್ಟರುಗಳು. ಒಂದೇ ಮಾತನ್ನು ಎಪ್ಪತ್ತು ಸಲ ಬೇಸರವಿಲ್ಲದೆ ಹೇಳುವುದು ಅವರಿಗೆ ಅಭ್ಯಾಸ. ದಿನಕ್ಕೆ ಐನೂರೋ ಆರುನೂರೋ, ಜೊತೆಗೆ ಊಟ, ಎರಡು ಕಾಫಿ.

ಐವಿ ಕ್ಯಾನುಲಾ (ಡ್ರಿಪ್ ಸೂಜಿ) ಚುಚ್ಚುವುದಕ್ಕೆ ರೆಡಿಮೇಡ್ ಕೃತಕ ಕೈ ಕೊಳ್ಳಲು ಮ್ಯಾನೇಜ್‌ಮೆಂಟ್ ಒಪ್ಪಲಿಲ್ಲ. ಪಿವಿಸಿ ಪೈಪ್, ಸ್ಪಂಜು, ಡ್ರಿಪ್ ಸೆಟ್ಟಿನ ಟ್ಯೂಬು, ಮೇಲೊಂದು ರೆಕ್ಸಿನ್, ಒಳಗೆ ಕೆಂಪು ಇಂಕಿನ ನೀರು. ಮುನ್ನೂರು ರೂಪಾಯಿಯೊಳಗೆ ಕೈ ತಯಾರು! ಮೂವತ್ತು ನಲವತ್ತು ಚುಚ್ಚಿಗೆ ಸೋರತೊಡಗುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದ್ದೇವೆ, ಬಂದರೆ ತೋರಿಸುತ್ತೇನೆ.

ಮೊದಲ ಚೆಕ್‌ಲಿಸ್ಟ್‌ನಲ್ಲಿ ಇಪ್ಪತ್ತೈದರ ಮೇಲೆ ಅಂಶಗಳಿದ್ದವು. ಬಾಯಿಪಾಠದವರು ಗಡಗಡ ಹೇಳಿ ಹತ್ತಕ್ಕೆ ಒಂಬತ್ತು ಹೊಡೆದರು, ರೋಗಿಯ ಮಾತಿಗೆ ಕಿವಿಗೊಟ್ಟವರು ಆರಕ್ಕೆ ನಿಂತರು. ಈಗ ಹತ್ತು ಹನ್ನೆರಡು ಅಂಶ, ಪಕ್ಕದಲ್ಲಿ ಗ್ಲೋಬಲ್ ರೇಟಿಂಗ್, ಅಂದರೆ ಒಟ್ಟಾರೆ ಹೇಗೆ ಮಾಡಿದರೆಂಬ ಎಕ್ಸಾಮಿನರ್ ಅಭಿಪ್ರಾಯ. ಎಕ್ಸಾಮಿನರ್ 'ಬಾರ್ಡರ್‌ಲೈನ್' (ಪಾಸೋ ಫೇಲೋ ಎಂಬ ಗಡಿಯಲ್ಲಿರುವವರು) ಎಂದು ಗುರುತಿಸಿದವರ ಚೆಕ್‌ಲಿಸ್ಟ್ ಅಂಕಗಳ ಸರಾಸರಿಯೇ ಆ ಸ್ಟೇಷನ್ನಿನ ಪಾಸ್ ಅಂಕ. ಪಾಸಿಗೆ ಐವತ್ತೇ ಯಾಕೆ ಎಂಬ ಹಳೇ ಜಗಳ ಅಲ್ಲಿಗೆ ಮುಗಿಯಿತು.

ಇನ್ನು ಪ್ರಶ್ನೆಗಳ ಸೋರಿಕೆ. ಮೊದಲ ಸುತ್ತು ಮುಗಿದ ಹತ್ತೇ ನಿಮಿಷಕ್ಕೆ ಹಾಸ್ಟೆಲಿನ ವಾಟ್ಸಾಪ್‌ನಲ್ಲಿ ಎಲ್ಲ ಸ್ಟೇಷನ್ ಹಾಜರ್. ಈಗ ವಿದ್ಯಾರ್ಥಿಗಳ ಫೋನ್ ತೆಗೆದುಕೊಂಡು ಬೇರೆ ಹಾಲ್‌ನಲ್ಲಿ ಕೂರಿಸುತ್ತೇವೆ. ಜೊತೆಗೆ, ಬೆಳಿಗ್ಗೆ ಹೃದಯದ್ದಾಗಿದ್ದ ಎದೆನೋವು ಮಧ್ಯಾಹ್ನ ಅನ್ನನಾಳದ್ದಾಗುತ್ತದೆ. ಉಳಿದವು ಹೇಗೆ ಬದಲಾಗುತ್ತವೆ ಎಂದು ಬರೆಯಲಾರೆ, ನಮ್ಮ ಹುಡುಗರೂ ಓದುತ್ತಾರೆ.

ಹೋದ ವರ್ಷ ಮೇಷ್ಟರುಗಳ ಕೈಗೂ ಚೀಟಿ ಕೊಟ್ಟು, "ಈ ಡಾಕ್ಟರ ಹತ್ರ ಮತ್ತೆ ಬರ್ತೀರಾ?" ಎಂದು ಐದಕ್ಕೆ ಅಂಕ ಹಾಕಿಸಿದೆ. ಥಿಯರಿಯ ಟಾಪರ್‌ಗಳಲ್ಲಿ ಕೆಲವರಿಗೆ ಐದಕ್ಕೆ ಎರಡು ಅಂಕವೂ ಬರಲಿಲ್ಲ. ಅದನ್ನು ಇಂಟರ್ನಲ್ ಅಂಕಕ್ಕೆ ಸೇರಿಸಲು ಎಚ್‌ಒಡಿ ಸದ್ಯ ಒಪ್ಪಿಲ್ಲ. ಮುಂದಿನ ಬ್ಯಾಚಿಗೆ ಹತ್ತರಲ್ಲಿ ಒಂದಾದರೂ ಅಂಕ ಅದಕ್ಕೆ ಗಿಟ್ಟಿಸಬೇಕು.