ಹನ್ನೆರಡು ವಾರ, ಹನ್ನೆರಡು ಕಥೆ

ಸಣ್ಣಕಥೆ ಬರೆಯುವ ಅಭ್ಯಾಸಕ್ಕೆ ವಾರಕ್ಕೊಂದು ಕಥೆಯ ಪಂಥ ಕಟ್ಟುವುದಾದರೆ, ಆರಂಭದಲ್ಲೇ ವರ್ಷಕ್ಕೆ 52 ಕಥೆ ಎಂದು ಹಟ ತೊಡಬೇಡಿ. 12 ವಾರ, ವಾರಕ್ಕೊಂದು, ಒಂದೊಂದು 600ರಿಂದ 800 ಪದ. ಇದಕ್ಕಿಂತ ದೊಡ್ಡದಾದರೆ ನಡುವಿನಲ್ಲಿ ಸಿಕ್ಕಿಬೀಳುತ್ತೀರಿ. ಪಂಥದ ನಿಯಮ ಒಂದೇ: ಶನಿವಾರ ರಾತ್ರಿಯೊಳಗೆ ಕಥೆ, ಕೆಟ್ಟದಾಗಿಯಾದರೂ, ಮುಗಿಯಬೇಕು. ಅರ್ಧಕ್ಕೆ ಬಿಟ್ಟವರಿಗೆ ಆರಂಭ ಬರೆಯುವ ಅಭ್ಯಾಸ ಮಾತ್ರ ಆಗುತ್ತದೆ, ಮುಕ್ತಾಯದ್ದು ಎಂದೂ ಆಗುವುದಿಲ್ಲ.

ಆದಿತ್ಯವಾರ ವಸ್ತು ಆರಿಸಿ. ಕಾಸರಗೋಡಿನ ಬದಿಯಡ್ಕದಲ್ಲಿ, ಸರಕಾರಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಮಲಯಾಳದ ಅರ್ಜಿ ಹಿಡಿದು ಕೂತ ಅಜ್ಜಿ ಎಂದರೆ ಅದು ಬರೀ ಚಿತ್ರ. ಅರ್ಜಿ ತುಂಬಿಸಿಕೊಡುವ ಹುಡುಗ "ಮಗನ ಹೆಸರೆಂತ ಅಜ್ಜಿ?" ಎಂದಾಗ ಅವಳು ಹೆಸರು ಹೇಳಲೊಪ್ಪದಿದ್ದರೆ ಅಲ್ಲಿ ಕಥೆ ಹುಟ್ಟುತ್ತದೆ. ಯಾರಿಗೆ ಏನು ಬೇಕು, ಅಡ್ಡ ಬರುವುದೇನು ಎಂದು ಎರಡು ಸಾಲು ಬರೆದಿಡಿ. ಎರಡನೆಯದಕ್ಕೆ ಉತ್ತರ ಸಿಗದಿದ್ದರೆ ಬೇರೆ ವಸ್ತು ಹುಡುಕಿ.

ಸೋಮವಾರ ಕೊನೆಯ ಘಟನೆಯನ್ನು ಮಾತ್ರ ಬರೆಯಿರಿ. ಆಮೇಲೆ ಬದಲಾದರೆ ಅಡ್ಡಿಯಿಲ್ಲ. ಮಂಗಳವಾರದಿಂದ ಗುರುವಾರದವರೆಗೆ ದಿನಕ್ಕೆ ಸುಮಾರು 250 ಪದ, ತಿದ್ದದೆ. ಶುಕ್ರವಾರ ಮುಟ್ಟಬೇಡಿ. ಶನಿವಾರ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದಲ್ಲಿ ಗೆರೆ ಎಳೆಯಿರಿ, ಮೊದಲ ಪ್ಯಾರಾವನ್ನು ತೆಗೆದು ನೋಡಿ. ಮಳೆಯ ವರ್ಣನೆಯೋ ಮನೆತನದ ಚರಿತ್ರೆಯೋ ಅಲ್ಲಿದ್ದರೆ, ಹೋದದ್ದೇ ಗೊತ್ತಾಗುವುದಿಲ್ಲ.

ನಾಲ್ಕನೆಯ ವಾರದ ಹೊತ್ತಿಗೆ ಒಂದು ಕಾಯಿಲೆ ಶುರುವಾಗುತ್ತದೆ: ಕಥೆಯ ಜಾಗದಲ್ಲಿ ನೆನಪು ಬರತೊಡಗುತ್ತದೆ. ಅಜ್ಜನ ಮನೆ, ಹಲಸಿನ ಹಪ್ಪಳ, ಯಕ್ಷಗಾನ ಮೇಳದ ಆಟ. ಓದಲು ಹಿತ, ಆದರೆ ಎಲ್ಲವೂ ಆಗಿಹೋದದ್ದು, ಯಾರೂ ಏನನ್ನೂ ನಿರ್ಧರಿಸಬೇಕಾಗಿಲ್ಲ. 'ನಾನು' ತೆಗೆದು ಆ ನೆನಪನ್ನು ಬೇರೊಬ್ಬರಿಗೆ ಕೊಡಿ, ಅವರ ಮುಂದೆ ಎರಡು ದಾರಿ ಇಡಿ.

ಕಾಸರಗೋಡಿನವರಿಗೆ ಇನ್ನೊಂದು ಅಪಾಯವುಂಟು. ಊರು ಕೇರಳಕ್ಕೆ ಸೇರಿಹೋದ 1956ರ ರಾಜ್ಯ ವಿಂಗಡಣೆಯ ನೋವು ಪಾತ್ರದ ಬಾಯಲ್ಲಿ ಭಾಷಣವಾಗಿ ಹೊರಡುತ್ತದೆ. ಆ ಭಾಷಣವನ್ನು ಪೂರ್ತಿ ಅಳಿಸಿ, ಒಂದು ವಸ್ತುವಿಗೆ ಆ ಕೆಲಸ ವಹಿಸಿ: ಓದಲಾಗದ ಬಸ್ಸಿನ ಬೋರ್ಡು, ಮಕ್ಕಳಿಂದ ಓದಿಸಿಕೊಳ್ಳಬೇಕಾದ ಜಾಗದ ಕಾಗದ.

ಸಂಭಾಷಣೆ ನಮ್ಮೂರಿನ ದೊಡ್ಡ ಬಂಡವಾಳ. ಒಂದೇ ಅಂಗಡಿಯ ಜಗಲಿಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ ಕೇಳುತ್ತದೆ. ಹಾಗೆಂದು ಎಲ್ಲವನ್ನೂ ಸುರಿದರೆ ಧಾರವಾಡದ ಓದುಗ ಮೂರನೆಯ ಸಾಲಿಗೇ ಪುಸ್ತಕ ಮುಚ್ಚುತ್ತಾನೆ. ನಿರೂಪಣೆ ಒಂದೇ ಹದದ ಕನ್ನಡದಲ್ಲಿರಲಿ. ಮಾತಿನಲ್ಲಿ 'ಎಂತ', 'ಮಾರಾಯ', 'ಉಂಟು' ಸಹಜವಾಗಿ ಬರಲಿ. ತುಳುವೋ ಮಲಯಾಳವೋ ಬೇಕಾದಾಗ ಒಂದು ಚಿಕ್ಕ ವಾಕ್ಯ ಸಾಕು. ಅರ್ಥವನ್ನು ಕಂಸದಲ್ಲಿ ಕೊಡದೆ ಎದುರಿನವನ ಉತ್ತರದಲ್ಲಿ ತಿಳಿಯುವಂತೆ ಮಾಡಿ. ಪಾತ್ರ ಭಾಷೆ ಬದಲಿಸುವ ಕ್ಷಣವನ್ನೂ ಬಳಸಿಕೊಳ್ಳಿ. ಮನೆಯಲ್ಲಿ ತುಳುವಿನಲ್ಲಿ ಜಗಳವಾಡುತ್ತಿದ್ದವಳು ಹೊರಗಿನವರು ಬಂದೊಡನೆ ಕನ್ನಡಕ್ಕೆ ತಿರುಗಿದರೆ, ಅವಳು ಏನನ್ನೋ ಮುಚ್ಚಿಡುತ್ತಿದ್ದಾಳೆಂದು ವಿವರಿಸಬೇಕಾಗಿಲ್ಲ.

ಕೊನೆಗೆ ಸಾವು ತರುವ ಚಟ ಹತ್ತಿದರೆ, ಮುಂದಿನ ಮೂರು ಕಥೆಗಳಲ್ಲಿ ಯಾರೂ ಸಾಯುವಂತಿಲ್ಲ.

ಅಡಿಕೆ ಕೊಯ್ಲು, ಮದುವೆ, ಜ್ವರ ಎಂದು ಒಂದು ವಾರ ತಪ್ಪಿದರೆ ಮರುವಾರ ಎರಡು ಬರೆಯಲು ಹೋಗಬೇಡಿ. ಬಾಕಿ ಬೆಳೆದೇ ಪಂಥ ಮುರಿಯುವುದು. ಹದಿಮೂರನೆಯ ವಾರ ಹನ್ನೆರಡನ್ನೂ ಒಟ್ಟಿಗೆ ಓದಿ ಎರಡನ್ನು ಆರಿಸಿ. ಅವನ್ನು ತಿದ್ದಬೇಡಿ. ಹಳೆಯ ಪ್ರತಿಯನ್ನು ಕಪಾಟಿನಲ್ಲಿಟ್ಟು, ನೋಡದೆ ಮೊದಲಿನಿಂದ ಬರೆಯಿರಿ. ಪತ್ರಿಕೆಗೆ ಕಳಿಸುವುದು ಆ ಎರಡನೆಯ ಪ್ರತಿಯನ್ನು.